ಬೇರಿಗೆ ಬಿಟ್ಟ ಜಾಗ

ಪಿಕಾಸಿ ಮೂರನೆಯ ಸಲವೂ ಧಬ್ಬೆಂದು ಕಚ್ಚಿಕೊಂಡಾಗ ಗುಂಡಿ ತೋಡುವವನು ಕೈ ನಿಲ್ಲಿಸಿ, ಬಗ್ಗಿ ಮಣ್ಣು ಸರಿಸಿ ನೋಡಿದ. ಕಲ್ಲಲ್ಲ. ಅವನ ತೊಡೆಯಷ್ಟು ದಪ್ಪದ ಬೇರೊಂದು ಗುಂಡಿಯ ಕಾಲ್ದೆಸೆಯಲ್ಲಿ ಅಡ್ಡಡ್ಡ ಮಲಗಿತ್ತು.

"ಬೇರು ಬಂತು ಸ್ವಾಮಿ. ಕೊಡಲಿ ತರಲಾ?"

"ಅದನ್ನೇನು ಕೇಳ್ತೀಯ, ಕಡಿದುಹಾಕು," ಎಂದ ಮೇಲೆ ನಿಂತಿದ್ದ ಮುದುಕ. ಗಡಿಯಾರ ನೋಡಿಕೊಂಡ. "ಹನ್ನೊಂದಕ್ಕೆ ಪೆಟ್ಟಿಗೆ ಬರುತ್ತೆ. ಈಗಲೇ ಒಂಬತ್ತೂವರೆ."

ಅವನು ತೀರಿಕೊಂಡವಳ ಅಣ್ಣ. ಸ್ಮಶಾನದ ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟು, ನಕ್ಷೆ ನೋಡಿ, ಸಾಲಿನಲ್ಲಿ ಜಾಗ ಗೊತ್ತುಮಾಡಿದವನೂ ಅವನೇ. ನೋಂದಣಿ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನಿಗೆ ಗೆರೆ ದಾಟಿದ್ದು ಯಾವುದೂ ಸೇರುತ್ತಿರಲಿಲ್ಲ.

"ಕಡೀಬೇಡಪ್ಪ."

ಮಾತು ಪಕ್ಕದ ಕಲ್ಲುಬೆಂಚಿನಿಂದ ಬಂತು. ಅಲ್ಲಿ ಕೋಲಿಗೆ ಗದ್ದ ಊರಿ ಕೂತಿದ್ದವನನ್ನು ಊರೆಲ್ಲ 'ಅಳಿಲು' ಎಂದು ಕರೆಯುತ್ತಿತ್ತು. ನಲವತ್ತು ವರ್ಷ ಮರ ಹತ್ತಿ, ರೋಗ ಬಂದ ಕೊಂಬೆ ಸವರಿ, ಬೀಳುವ ಮರಕ್ಕೆ ಕಟ್ಟು ಹಾಕಿ ನಿಲ್ಲಿಸಿದವನು. ಈಗ ಎರಡೂ ಮಂಡಿ ಕೈಕೊಟ್ಟು, ಮನೆಯ ಮೆಟ್ಟಿಲಿಗೂ ಯಾರದಾದರೂ ಭುಜ ಬೇಕು. ತೀರಿಕೊಂಡವಳಿಗೆ ಮರದ ಕೆಲಸ ಕಲಿಸಿದವನು ಇವನೇ. ಆರು ವರ್ಷ ಚಿಕ್ಕವನಾದ್ದರಿಂದ ಅವಳನ್ನು ಅಕ್ಕ ಎನ್ನುತ್ತಿದ್ದ. ಬೈಯುವಾಗಲೂ ಅಕ್ಕ ಎಂದೇ ಬೈಯುತ್ತಿದ್ದ.

"ಯಾಕೆ ಕಡೀಬಾರದು?" ಅಣ್ಣ ಕೇಳಿದ.

ಅಳಿಲು ಕೋಲೆತ್ತಿ ಏಳೆಂಟು ಹೆಜ್ಜೆ ಆಚೆಯ ಅತ್ತಿಮರವನ್ನು ತೋರಿಸಿದ. "ಇಲ್ಲಿ ಗಾಳಿ ಬರೋದು ನಮ್ಮ ಬೆನ್ನ ಕಡೆಯಿಂದ. ಆಗ ಮರಾನ ಹಿಂದಕ್ಕೆ ಎಳೆದು ಹಿಡ್ಕೊಳ್ಳೋದು ಈ ಬೇರೇ. ಕಡಿದ್ರೆ ಇವತ್ತೇನೂ ಆಗಲ್ಲ, ಒಂದು ಎಲೇನೂ ಬಾಡಲ್ಲ. ಎರಡೋ ಮೂರೋ ವರ್ಷಕ್ಕೆ ದೊಡ್ಡ ಗಾಳಿ ಬಂದ ದಿನ ಮಗುಚಿಕೊಳ್ಳುತ್ತೆ. ಆ ಕಡೆ ರಸ್ತೆ ಮೇಲೆ."

"ನಿನಗೆ ಮರ ಮುಖ್ಯಾನೋ, ಸತ್ತೋರು ಮುಖ್ಯಾನೋ?"

"ಸತ್ತೋರನ್ನೇ ಕೇಳಿದ್ರೆ ಏನು ಹೇಳ್ತಿದ್ರು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಗುಂಡಿ ತೋಡುವವನು ಇಬ್ಬರ ಮುಖವನ್ನೂ ನೋಡಿದ. "ನೀವಿಬ್ಬರೂ ಮೊದಲು ಒಂದು ಮಾತಿಗೆ ಬನ್ನಿ," ಎಂದು ಪಿಕಾಸಿಯನ್ನು ಮೇಲಿಟ್ಟು, ಗುಂಡಿಯ ಅಂಚಿಗೆ ಒರಗಿ ಬೆವರು ಒರೆಸಿಕೊಂಡ.

* * *

ಅವಳಿಗೆ 'ಲಿಫ್ಟಮ್ಮ' ಎಂಬ ಹೆಸರು ಬಿದ್ದದ್ದು ಏಳು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ. ಇಪ್ಪತ್ತಾರು ವರ್ಷ ಅಲ್ಲಿನ ಲಿಫ್ಟಿನೊಳಗೆ ಎತ್ತರದ ಸ್ಟೂಲಿನ ಮೇಲೆ ಕೂತು, ಜಾಲರಿ ಬಾಗಿಲು ಎಳೆದು, ಹಿತ್ತಾಳೆಯ ಹಿಡಿ ತಿರುಗಿಸಿ, ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿದ್ದಳು. ಯಾರಾದರೂ ಹೇಗಿದ್ದೀರಿ ಎಂದರೆ, "ಬೇರೆಯವರು ಆರಕ್ಕೇರಲ್ಲ, ಮೂರಕ್ಕಿಳಿಯಲ್ಲ. ನಾನು ದಿನಾ ಆರಕ್ಕೂ ಏರ್ತೀನಿ, ಮೂರಕ್ಕೂ ಇಳೀತೀನಿ," ಎನ್ನುತ್ತಿದ್ದಳು. ಯಾರಿಗೆ ಬಡ್ತಿ, ಯಾರ ಮನೆಯಲ್ಲಿ ಜಗಳ, ಯಾರಿಬ್ಬರು ಬೇರೆಬೇರೆಯಾಗಿ ಹೊರಟು ಒಂದೇ ಮಹಡಿಯಲ್ಲಿ ಇಳಿಯುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಹೊರಗೆ ಮಳೆಯೋ ಬಿಸಿಲೋ ಎಂಬುದು ಮಾತ್ರ ಜನರ ಕೈಯ ಕೊಡೆ ನೋಡಿ ಗೊತ್ತಾಗಬೇಕಿತ್ತು.

ಐವತ್ತಮೂರನೆಯ ವಯಸ್ಸಿನಲ್ಲಿ ಆ ಲಿಫ್ಟು ಹೋಗಿ, ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟು ಬಂತು. ಏಳೂ ಮಹಡಿಯವರು ಸೇರಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಂಡ ದರ್ಜಿ, ಮನೆಯ ಮುಂಗೋಣೆಯೇ ಅವನ ಅಂಗಡಿ. ಬೇಸರ ಕಳೆಯಲೆಂದು ಅಂಗಿಗಳ ರಾಶಿಯನ್ನು ಅವಳ ಮುಂದಿಟ್ಟ. ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಗುಂಡಿ ಬಂದು ನನ್ನ ಕೆಲಸ ಕಿತ್ಕೊಂಡ್ತು. ನೀವು ಗುಂಡಿ ಹೊಲಿ ಅಂತೀರ."

ಒಂದು ದಿನ ದಾರದ ಉಂಡೆ ತರಲು ಹೊರಟವಳು ದಾರಿಯಲ್ಲಿ ನಿಂತುಬಿಟ್ಟಳು. ರಸ್ತೆಬದಿಯ ಮರದಲ್ಲಿ ಹಗ್ಗಕ್ಕೆ ಜೋತುಬಿದ್ದು ಒಬ್ಬ ಕೊಂಬೆ ಕೊಯ್ಯುತ್ತಿದ್ದ. ಅವನು ಕೆಳಗಿಳಿದಾಗ ಮಧ್ಯಾಹ್ನವಾಗಿತ್ತು. ಅವಳು ಅಲ್ಲೇ ಇದ್ದಳು.

"ತಲೆ ಮೇಲೆ ಹೊಟ್ಟು ಬಿತ್ತೇನಮ್ಮ? ತಪ್ಪಾಯ್ತು," ಎಂದ ಅಳಿಲು.

"ಬೀಳಲಿ ಬಿಡಪ್ಪ. ಎಡಗಡೆ ಒಣಗಿದ ಕೊಂಬೆ ಯಾಕೆ ಬಿಟ್ಟೆ?"

"ಅದ್ರಲ್ಲಿ ಗೂಡಿದೆ. ಮರಿ ಹಾರೋವರೆಗೂ ಮುಟ್ಟಲ್ಲ."

"ಎಷ್ಟು ದಿನ?"

"ಇನ್ನೊಂದು ಹದಿನೈದು."

ಹದಿನಾರನೆಯ ದಿನ ಅಳಿಲು ಹಗ್ಗದೊಂದಿಗೆ ಬಂದಾಗ ಅವಳು ಗಂಡನ ಹಳೆಯ ಪ್ಯಾಂಟನ್ನು ತನ್ನ ಅಳತೆಗೆ ಹೊಲಿದು ಹಾಕಿಕೊಂಡು ಮರದ ಕೆಳಗೆ ನಿಂತಿದ್ದಳು. "ನನಗೂ ಕಲಿಸು," ಎಂದಳು.

"ಯಾವತ್ತಾದ್ರೂ ಮರ ಹತ್ತಿದೀರಾ?"

"ಇಲ್ಲ. ಮೇಲೆ ಹೋಗಿ ಬರೋದು ಅಭ್ಯಾಸ ಇದೆ."

ಸುದ್ದಿ ತಿಳಿದು ಅಣ್ಣ ಓಡಿಬಂದ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನೇ?" ಎಂದು ಬೈದ.

"ಬಗ್ಗೋಕೆ ಹೋಗ್ತಿಲ್ಲ ಅಣ್ಣ. ಹತ್ತೋಕೆ ಹೋಗ್ತಿದೀನಿ."

ಆರು ತಿಂಗಳು ಅಳಿಲು ಅವಳನ್ನು ನೆಲ ಬಿಟ್ಟು ಮೇಲೆ ಹತ್ತಗೊಡಲಿಲ್ಲ. ಬಿದ್ದ ಕೊಂಬೆ ಎಳೆದುಹಾಕು, ಗಂಟು ಕಲಿ, ಗರಗಸ ಹರಿತ ಮಾಡು. ಮೊದಲ ಸಲ ಹತ್ತಿದ ದಿನ ಎರಡಾಳು ಎತ್ತರದಲ್ಲಿ ಕಾಂಡವನ್ನು ತಬ್ಬಿಕೊಂಡು ಒಂದು ಗಂಟೆ ನಿಂತಳು. "ಅಕ್ಕ, ಎಲ್ಲಿದೀರಿ?" ಎಂದು ಕೆಳಗಿನಿಂದ ಕೂಗಿದರೆ, ಕಣ್ಣು ಮುಚ್ಚಿಕೊಂಡೇ, "ಮೊದಲನೇ ಮಹಡಿ," ಎಂದಳು. ಇನ್ನೊಂದು ವರ್ಷಕ್ಕೆ ಐದನೇ ಮಹಡಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು.

* * *

ಹತ್ತು ಗಂಟೆಗೆ ಮಗಳು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಪೆಟ್ಟಿಗೆಯ ಜೊತೆ ಅಪ್ಪನನ್ನು ಬಿಟ್ಟು, ಇಲ್ಲಿ ಎಲ್ಲ ಸರಿಯಾಗಿದೆಯೇ ನೋಡಲು ಮುಂದಾಗಿ ಬಂದಿದ್ದಳು. ಗೇಟಿನ ಬಳಿಯೇ ಮೂವರು ಅವಳನ್ನು ತಡೆದಿದ್ದರು. ಮೂವರದೂ ಒಂದೇ ಪ್ರಶ್ನೆ.

"ಮರದಿಂದ ಬಿದ್ರಾ?"

"ಇಲ್ಲ. ಹಾಸಿಗೆ ಮೇಲೇ. ಅಪ್ಪ ಕಾಫಿ ಮಾಡ್ಕೊಂಡು ಬರೋಷ್ಟರಲ್ಲಿ."

ಒಬ್ಬರಿಗೆ ಸ್ವಲ್ಪ ನಿರಾಸೆಯಾದ ಹಾಗಿತ್ತು. ನಾಲ್ಕನೇ ಮಹಡಿಯ ಹಳೆಯ ಕ್ಯಾಷಿಯರ್ ಮಾತ್ರ "ಸದ್ಯ!" ಎಂದುಬಿಟ್ಟು, ಸಾವಿನ ಮುಂದೆ ಎಂಥ ಮಾತಾಡಿದೆನೆಂದು ನಾಲಿಗೆ ಕಚ್ಚಿಕೊಂಡು, ಅವಳ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ.

ಈಗ ಗುಂಡಿಯ ಬಳಿ ಇಬ್ಬರು ಮುದುಕರೂ ಅವಳತ್ತ ತಿರುಗಿದರು.

"ನೀನೇ ಹೇಳಮ್ಮ," ಎಂದ ಅಣ್ಣ. "ಒಂದು ಬೇರಿಗೋಸ್ಕರ ಇಷ್ಟು ಜನ ಬಿಸಿಲಲ್ಲಿ ಕಾಯಬೇಕಾ?"

ಮಗಳು ಚಪ್ಪಲಿ ಬಿಟ್ಟು, ಉಡುಪಿಗೆ ಮಣ್ಣಾಗುವುದನ್ನು ಲೆಕ್ಕಿಸದೆ ಗುಂಡಿಗೆ ಇಳಿದಳು. ಕುಕ್ಕರಗಾಲಿನಲ್ಲಿ ಕೂತು ಬೇರಿನ ಮೇಲೆ ಅಂಗೈ ಇಟ್ಟಳು.

* * *

ಅಮ್ಮನಿಗೆ ಐವತ್ತೆಂಟಾಗಿದ್ದಾಗ ಒದ್ದೆ ಕೊಂಬೆಯಲ್ಲಿ ಕಾಲು ಜಾರಿ, ಹಗ್ಗದಲ್ಲಿ ತೂಗಾಡಿ ಕಾಂಡಕ್ಕೆ ಬಡಿದು ಭುಜದ ಮೂಳೆ ಮುರಿದಿತ್ತು. ಅದು ಕೂಡಿಕೊಳ್ಳುವಷ್ಟರಲ್ಲಿ ಮಗಳು ಅಮ್ಮನ ಸೊಂಟಪಟ್ಟಿ, ಗರಗಸ, ಹೆಲ್ಮೆಟ್ಟುಗಳ ಚೀಲವನ್ನು ಬೀರುವಿನ ಮೇಲೆ, ಬಟ್ಟೆಯ ಥಾನುಗಳ ಹಿಂದೆ ಬಚ್ಚಿಟ್ಟಳು. ಅಮ್ಮ ಮೂರು ದಿನ ಮಾತಿಲ್ಲದೆ ಮನೆಯೆಲ್ಲ ಹುಡುಕಿದಳು. ನಾಲ್ಕನೆಯ ದಿನ ಮಗಳ ಎದುರು ಬಂದು ಕೂತಳು.

"ಎಲ್ಲಿಟ್ಟೆ ಅಂತ ಕೇಳಲ್ಲ. ಯಾಕಿಟ್ಟೆ ಹೇಳು."

"ನಿಮ್ಮಮ್ಮನಿಗೆ ಈ ವಯಸ್ಸಲ್ಲಿ ಏನು ಗ್ರಹಚಾರ ಅಂತ ಜನ ಕೇಳ್ತಾರೆ," ಎಂದಳು ಮಗಳು. ಮತ್ತೆ, "ಅದು ಬಿಡು. ಅಂಗಡೀಲಿ ಫೋನ್ ಹೊಡ್ಕೊಂಡಾಗೆಲ್ಲ ನನ್ನ ಎದೆ ಧಸಕ್ಕನ್ನುತ್ತೆ. ನೀನು ಬಿದ್ದೆ ಅಂತ ಹೇಳೋಕೇ ಮಾಡಿದಾರೆ ಅನ್ಸುತ್ತೆ," ಎಂದಳು.

ಅಮ್ಮ ಯೋಚಿಸಿದಳು. "ಒಂದು ದಿನ ರಜ ಹಾಕಿ ಬಂದು ನೋಡು. ಆಮೇಲೂ ಬೇಡ ಅಂದ್ರೆ ಬೇಡ."

ಮಗಳು ಹೋದಳು. ಒಂದು ಶಾಲೆಯ ಅಂಗಳದ ಮರ. ಅಮ್ಮ ಬೆಳಗೆಲ್ಲ ಹತ್ತಲೇ ಇಲ್ಲ. ಮರವನ್ನು ಸುತ್ತಿದಳು, ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿ ಕಿವಿಯಿಟ್ಟು ಕೇಳಿದಳು, ಮಂಡಿಯೂರಿ ಬುಡದ ಮಣ್ಣನ್ನು ಬರಿಗೈಯಲ್ಲಿ ಕೆದಕಿದಳು. "ಎಲ್ಲರೂ ಮೇಲೆ ನೋಡ್ತಾರೆ," ಎಂದಳು. "ಮರ ನಿಂತಿರೋದು ಇಲ್ಲಿ. ಕೊಂಬೆ ಹೋದ್ರೆ ಇನ್ನೊಂದು ಬರುತ್ತೆ. ಈ ಗಾತ್ರದ ಬೇರು ಹೋದ್ರೆ ಮತ್ತೆ ಬರಲ್ಲ. ಇದು ಗಟ್ಟಿ ಇದೆ ಅಂತ ಖಾತ್ರಿ ಆಗದೆ ನಾನು ಕಾಲಿಡಲ್ಲ ಕಣೇ."

ಆಮೇಲೆ ಹತ್ತಿದಳು. ಎಲೆಗಳ ಸಂದಿನಲ್ಲಿ ಅಮ್ಮನ ಮುಖ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ಅಲ್ಲಿ ಒಬ್ಬಳೇ ಏನನ್ನೋ ನೋಡಿ ನಗುತ್ತಿದ್ದಳು. ಆ ನಗು ಮನೆಯಲ್ಲಿ ಮಗಳು ಯಾವತ್ತೂ ಕಂಡದ್ದಾಗಿರಲಿಲ್ಲ. ಕಂಡು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಸಂಜೆ ಅವಳು ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬೀರುವಿನ ಮೇಲಿಂದ ಚೀಲ ಇಳಿಸಿ, ಧೂಳು ಕೊಡವಿ, ಬಾಗಿಲ ಪಕ್ಕ ಇಟ್ಟಳು. ಫೋನು ಹೊಡೆದುಕೊಂಡರೆ ಎದೆ ಧಸಕ್ಕೆನ್ನುವುದು ಮಾತ್ರ ಇನ್ನೂ ಹತ್ತು ವರ್ಷ, ಅಮ್ಮ ಅರವತ್ತೆಂಟಕ್ಕೆ ಹತ್ತುವುದನ್ನು ಬಿಡುವವರೆಗೂ ಇತ್ತು.

* * *

"ತಿರುಗಿಸಿ ತೋಡೋಕೆ ಆಗುತ್ತಾ?" ಮಗಳು ಗುಂಡಿಯೊಳಗಿಂದಲೇ ಕೇಳಿದಳು.

ಗುಂಡಿ ತೋಡುವವನು ಅಳೆದು ನೋಡಿದ. "ಆಗುತ್ತೆ. ತಲೆ ಕಡೆ ಹೀಗೇ ಇಟ್ಕೊಂಡು ಕಾಲಿನ ಕಡೆ ದಾರಿಗೆ ತಿರುಗಿಸಬೇಕು. ಎರಡು ಗಂಟೆ ಹೆಚ್ಚಿಗೆ ಹಿಡಿಯುತ್ತೆ. ಸಾಲಲ್ಲಿ ಇದೊಂದೇ ಓರೆಯಾಗಿ ಕಾಣುತ್ತೆ, ಆಮೇಲೆ ನನ್ನನ್ನ ಬೈಬಾರದು."

"ಓರೆಯಾಗಾ?" ಎಂದ ಅಣ್ಣ.

"ಮಾವ, ನೀವು ನೇರ ದಾರಿ ಹೇಳಿದಾಗ ಅಮ್ಮ ಯಾವತ್ತಾದ್ರೂ ಕೇಳಿದ್ಲಾ?"

ಅಣ್ಣ ಸಾಲಿನ ಕಲ್ಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಹಾಗಾದ್ರೆ ಕಚೇರಿ ನಕ್ಷೇಲೂ ಓರೆಯಾಗೇ ಬರೆಸಬೇಕು," ಎಂದ. "ಇಲ್ದಿದ್ರೆ ನಾಳೆ ಯಾರೋ ಬಂದು ನೇರ ಮಾಡ್ತೀನಿ ಅಂತಾರೆ." ಕನ್ನಡಕ ಸರಿಮಾಡಿಕೊಂಡು ಕಚೇರಿಯತ್ತ ನಡೆದ.

ಪಿಕಾಸಿಯ ಏಟಿಗೆ ಬೇರಿನ ಸಿಪ್ಪೆ ಮೂರು ಕಡೆ ಹರಿದಿತ್ತು. ಅಳಿಲು ಜೇಬಿನಿಂದ ಚೂರಿ ತೆಗೆದು ಕೆಳಗೆ ಚಾಚಿದ. "ಹರಿದದ್ದನ್ನ ಹಾಗೇ ಬಿಟ್ಟರೆ ಕೊಳೆಯುತ್ತೆ. ಸುತ್ತ ನಯವಾಗಿ ಕೊಯ್ದುಬಿಡು. ಒಳಕ್ಕೆ ಹೋಗಬೇಡ... ಹಾಂ, ಅಷ್ಟೇ. ಕೈ ಅಕ್ಕಂದೇ."

ಹನ್ನೊಂದಕ್ಕೆ ಪೆಟ್ಟಿಗೆ ಬಂತು. ಅದನ್ನು ಅತ್ತಿಮರದ ನೆರಳಿನಲ್ಲಿ ಎರಡು ಬೆಂಚುಗಳ ಮೇಲೆ ಇಟ್ಟರು. ತಡವೇಕೆಂದು ಮಗಳು ಕಿವಿಯ ಹತ್ತಿರ ಹೇಳಿದಾಗ ದರ್ಜಿ ತಲೆಯಾಡಿಸಿ, "ಬೇರಿಗೆ ಜಾಸ್ತಿ ಪೆಟ್ಟಾಯ್ತಾ?" ಎಂದಷ್ಟೇ ಕೇಳಿದ.

ಬಿಸಿಲೇರಿದಂತೆ ಬಂದವರೆಲ್ಲ ಅದೇ ನೆರಳಿಗೆ ಸರಿದರು. ಏಳು ಮಹಡಿಯವರಲ್ಲಿ ಇನ್ನೂ ಬದುಕಿರುವವರು, ಅವಳು ಮರ ಉಳಿಸಿಕೊಟ್ಟ ಮನೆಗಳವರು, ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಒಬ್ಬಳು ತನ್ನ ಮನೆಯ ಮರ ಕಡಿಸಲು ಕರೆದರೆ ಲಿಫ್ಟಮ್ಮ ಮೂರು ಸಲ ಬಂದು, ಮೂರು ಸಲವೂ ಕಾಫಿ ಕುಡಿದು, ಕಡಿಯದೆ ಹೋದದ್ದನ್ನು ಹೇಳಿದಳು. "ನಾಲ್ಕನೇ ಸಲ ನಾನೇ ಬೇಡ ಅಂದೆ. ಕಾಫಿಪುಡಿ ಮುಗಿದುಹೋಗಿತ್ತು." ಸಣ್ಣಗೆ ನಗು ಹರಡಿತು. ದರ್ಜಿಯೂ ನಕ್ಕ.

ಒಂದು ಗಂಟೆಗೆ ಗುಂಡಿ ಸಿದ್ಧವಾಯಿತು. ಪೆಟ್ಟಿಗೆಯ ಅಡಿಗೆ ಎರಡು ಹಗ್ಗ ಹಾಯಿಸಿ, ನಾಲ್ಕು ತುದಿಗೆ ನಾಲ್ವರು ಬೇಕೆಂದಾಗ ದರ್ಜಿ ಎದ್ದುಬಂದ.

"ತಲೆ ಕಡೇದು ನನಗೆ ಕೊಡಿ."

"ಯಜಮಾನ್ರೇ, ಭಾರ ಇರುತ್ತೆ," ಎಂದ ಗುಂಡಿ ತೋಡುವವನು. ಎಪ್ಪತ್ತೈದು ವರ್ಷದ ಸಣಕಲು ಮೈ, ದಪ್ಪ ಕನ್ನಡಕ.

"ಕೊಡು," ಎಂದ ಅಳಿಲು. "ಹದಿನೈದು ವರ್ಷ ಅಕ್ಕನ ಹಗ್ಗ ಹಿಡಿದವರು."

ನಿಜವೇ. ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗುತ್ತಿದ್ದ ದರ್ಜಿ, ಹೆಂಡತಿ ಮರ ಹತ್ತುವ ದಿನ ಅಂಗಡಿ ಮುಚ್ಚಿ ಕೆಳಗೆ ಬಂದು ನಿಲ್ಲುತ್ತಿದ್ದ. ಒಮ್ಮೆಯೂ ಮೇಲೆ ನೋಡಿದವನಲ್ಲ. ಅಂಗೈಯಲ್ಲಿ ಹಗ್ಗ ಬಿಗಿಯಾಗುವುದರಲ್ಲಿ, ಸಡಿಲಾಗುವುದರಲ್ಲಿ ಅವಳು ಎಲ್ಲಿದ್ದಾಳೆ, ದಣಿದಿದ್ದಾಳೆಯೇ ಎಂಬುದು ಅವನಿಗೆ ತಿಳಿಯುತ್ತಿತ್ತು. ಸಂಜೆ ಅವಳನ್ನು ಎಷ್ಟು ಮೆಲ್ಲಗೆ ಇಳಿಸುತ್ತಿದ್ದನೆಂದರೆ, "ನಿಮ್ಮ ಲಿಫ್ಟು ನನ್ನದಕ್ಕಿಂತ ನಯ ಕಣ್ರೀ," ಎನ್ನುತ್ತಿದ್ದಳು.

ಎದುರಿನ ತುದಿಯನ್ನು ಅಣ್ಣ ಹಿಡಿದ. ಕಾಲ್ದೆಸೆಯಲ್ಲಿ ಗುಂಡಿ ತೋಡುವವನೂ ಮಗಳೂ ನಿಂತರು. ದರ್ಜಿ ಹಗ್ಗವನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು, ಕಾಲು ಅಗಲಿಸಿ, ಹಿಮ್ಮಡಿಯನ್ನು ಮಣ್ಣಿಗೆ ಊರಿಕೊಂಡ. ಒಂದೊಂದೇ ಹಿಡಿಯಾಗಿ ಬಿಟ್ಟ. ಮಿಕ್ಕ ಮೂವರೂ ಅವನ ಕೈ ನೋಡಿಕೊಂಡು ತಮ್ಮ ಹಗ್ಗ ಬಿಡಬೇಕಾಯಿತು. ಪೆಟ್ಟಿಗೆ ಎಲ್ಲೂ ವಾಲಲಿಲ್ಲ, ಅಂಚಿಗೆ ತಾಗಲಿಲ್ಲ. ನೆಲ ಮುಟ್ಟಿದ ಸದ್ದು ಯಾರಿಗೂ ಕೇಳಿಸಲಿಲ್ಲ; ಅವನ ಕೈ ನಿಂತಾಗಲೇ ಗೊತ್ತಾಯಿತು.

ಅಣ್ಣ ತನ್ನ ತುದಿಯನ್ನು ಕೈಬಿಟ್ಟ. ದರ್ಜಿ ಪೆಟ್ಟಿಗೆಯ ಅಡಿಯಿಂದ ಹಗ್ಗವನ್ನು ನಿಧಾನವಾಗಿ ಮೇಲಕ್ಕೆ ಎಳೆದುಕೊಂಡು, ಅಂಗೈಗೂ ಮೊಣಕೈಗೂ ನಡುವೆ ಸುತ್ತತೊಡಗಿದ. ಪ್ರತಿ ಸುತ್ತಿಗೂ ನಿಂತು, ಅಂಗಿಯ ಚುಂಗಿನಿಂದ ಹಸಿಮಣ್ಣು ಒರೆಸಿದ. ಗುಂಡಿಯ ಎರಡೂ ಬದಿಗೆ ಸಲಿಕೆ ಹಿಡಿದವರು, ಮಣ್ಣಿಗೆ ಕೈಹಾಕದೆ, ಅವನು ಕೊನೆಯ ಸುತ್ತನ್ನೂ ಒರೆಸಿ ಗಂಟು ಹಾಕುವವರೆಗೆ ಕಾದು ನಿಂತರು.