ಪಾಸ್ ಮಾಡಿದ ಕ್ಯಾಸೆಟ್

ಅಂಜನಮ್ಮ ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದಳು. ಅರ್ಧ ಮುಗಿದಿತ್ತು, ಅಷ್ಟರಲ್ಲಿ ನಲ್ಲಪ್ಪನ ಸೈಕಲ್ಲು ಬಂದು ಒದ್ದೆಯ ಮೇಲೇ ನಿಂತಿತು. ಬೊಮ್ಮನಹಳ್ಳಿಯ ಕ್ಯಾಸೆಟ್ ಕಾರ್ಖಾನೆಯಲ್ಲಿ ಅವನೂ ಅವಳ ಗಂಡ ಚಿಕ್ಕಬೈರಪ್ಪನೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು.

"ಅಣ್ಣ ಎದ್ದವ್ನಾ ಅಕ್ಕ?"

"ಸ್ನಾನಕ್ಕೋಗವ್ರೆ. ಏನಪ್ಪಾ ಇಷ್ಟೊತ್ಗೇ? ನೋಡು, ಸಗಣಿ ಎಲ್ಲಾ ತುಳ್ದೆ."

"ಮುನ್ನೂರು ಕ್ಯಾಸೆಟ್ ವಾಪಸ್ ಬಂದವೆ. ಭಜನೆ ಒಳಗೆ ಸೊಳ್ಳೆ ಒಕ್ಕಂಡಂಗೆ ಕುಯ್ ಅಂತವೆ. ಎಲ್ಲದ್ರ ಮೇಲೂ ಅಣ್ಣನ ಪಾಸ್ ಚೀಟಿ." ನಲ್ಲಪ್ಪ ಅದರಲ್ಲೊಂದು ಕ್ಯಾಸೆಟ್ಟನ್ನು ಜೇಬಿನಿಂದ ತೆಗೆದು ದನಿ ತಗ್ಗಿಸಿದ. "ಇವತ್ತು ಮ್ಯಾನೇಜರು ಅಣ್ಣಂಗೆ ಇದನ್ನ ಕೇಳ್ಸಿ, ಕುಯ್ ಅನ್ನೋ ಜಾಗ ತೋರ್ಸು ಅಂತಾನೆ. ತೋರ್ಸಿದ್ರೆ, ಬೇಜವಾಬ್ದಾರಿ ಅಂತ ಬೈದು ಬಿಡ್ತಾನೆ. ಇಲ್ದಿದ್ರೆ ಕೆಲಸ ಓಯ್ತು."

ಅಲ್ಲಿ ಹಾಡು ತುಂಬುವ ಮಿಷನ್ನುಗಳೂ ಕೇಳಿ ನೋಡಿ ಪಾಸ್ ಮಾಡುವ ಮೇಜೂ ಒಂದೇ ಶೆಡ್ಡಿನಲ್ಲಿದ್ದವು. ಆ ಗದ್ದಲದಲ್ಲಿ ಹಾಡು ಕಿವಿಗೆ ಬೀಳಲೆಂದು ಚಿಕ್ಕಬೈರಪ್ಪ ಹೆಡ್‌ಫೋನಿನ ದನಿಯನ್ನು ಪೂರ್ತಿ ಏರಿಸಿಕೊಂಡೇ ಎಂಟು ವರ್ಷ ಕೂತಿದ್ದ. ಒಂದು ವರ್ಷದಿಂದ ಮನೆಗೆ ಬಂದವರ ಮಾತಿಗೆಲ್ಲ ಅಂಜನಮ್ಮನೇ ಉತ್ತರ ಕೊಡುತ್ತಿದ್ದಳು. ಏಳು ವರ್ಷದ ಮಗಳು ಸೊಣ್ಣಮ್ಮ ಯಾಕೆಂದು ಕೇಳಲು ಬಾಯಿ ತೆರೆದಾಗಲೆಲ್ಲ ಅವಳಿಗೊಂದು ಕೆಲಸ ಹೇಳಿ ಕಳಿಸುತ್ತಿದ್ದಳು.

ಚಿಕ್ಕಬೈರಪ್ಪ ತಲೆ ಒರೆಸಿಕೊಂಡು ಬಂದ. ನಲ್ಲಪ್ಪ ಎಲ್ಲವನ್ನೂ ಬಾಯಗಲಿಸಿ ಮತ್ತೆ ಹೇಳಿದ. ಮೂವರೂ ಒಳಗೆ ಬಂದರು. ಚಿಕ್ಕಬೈರಪ್ಪ ಆ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ, ಕೆಲಸಕ್ಕೆ ಕೂತ ಹಾಗೆ ಕಣ್ಣು ಮುಚ್ಚಿದ.

ಭಜನೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ತಾಳದ ಮೇಲೆ ಒಂದು ಸಣ್ಣ ಕೂಗು ಎದ್ದು, ಬಿಡದೆ ಹಾಗೇ ಮುಂದುವರಿಯಿತು. ಅಂಜನಮ್ಮನ ಹಲ್ಲು ಜುಮ್ಮೆಂದವು. ಚಿಕ್ಕಬೈರಪ್ಪ ದನಿ ಇನ್ನೂ ಏರಿಸಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದ.

"ಚೆನ್ನಾಗೇ ಐತಲ್ಲೋ. ಯಾವನ್ಗೆ ತಕರಾರು?"

ನಲ್ಲಪ್ಪ ಅಂಜನಮ್ಮನ ಕಡೆ ನೋಡಿದ.

"ನಂಗೂ ಏನೂ ಕೇಳಿಸ್ತಿಲ್ಲ," ಎಂದಳು ಅವಳು. ಹಾಗೆ ಹೇಳಿದ್ದಕ್ಕೆ ನಾಚಿಕೆಯೂ ಆಗಲಿಲ್ಲ, ದುಃಖವೂ ಬರಲಿಲ್ಲ. ಮೊಣಕೈವರೆಗೆ ಸಗಣಿ ಒಣಗಿ ಚರ್ಮ ಬಿಗಿಯುತ್ತಿತ್ತು. ಅದೊಂದೇ ಅವಳಿಗೆ ತಿಳಿಯುತ್ತಿತ್ತು.

ಸೊಣ್ಣಮ್ಮ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಓಗಮ್ಮ, ಒಲೆ ಮೇಲೆ ನೀರು ಕಾದೈತಾ ನೋಡು."

ಮಗು ಹೋಗಲಿಲ್ಲ. ಒಳಗೆ ಬಂದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಹಾಡು ನಿಂತಿತು. ಚಿಕ್ಕಬೈರಪ್ಪ ಕಣ್ಣು ತೆರೆದು ಅವಳ ತುಟಿಗಳನ್ನೇ ನೋಡಿದ.

"ಅಪ್ಪಾ, ಅದು ಅಷ್ಟು ಜೋರಾಗಿ ಕೂಗ್ತಾ ಐತೆ. ನಿಂಗೆ ಕೇಳ್ಸೋದೇ ಇಲ್ವಾ?"