ಗಂಜಿ ಆರುವಷ್ಟು ಹೊತ್ತು

ಮುಚ್ಚಳ ಕುಣಿಯುತ್ತಿದೆ, ಗಂಜಿ ಉಕ್ಕುವ ಮುಂಚೆ ಇಳಿಸಬೇಕು, ಮಸಿಬಟ್ಟೆ ಎಲ್ಲಿ, ಹೆಗಲ ಮೇಲೇ ಇದೆ, ಎರಡು ಬಟ್ಟಲು, ಎರಡು ಚಮಚ, ಅವರದ್ದು ಎಡಗಡೆಗೆ — ಐದು ತಿಂಗಳಾದರೂ ಅವಳ ಕೈ ಗಂಡನ ಚಮಚವನ್ನು ಬಲಗಡೆಗೇ ಇಟ್ಟುಬಿಡುತ್ತದೆ, ಮತ್ತೆ ಎತ್ತಿ ಈಚೆಗೆ ಇಡಬೇಕು — ಬಿಸಿಲು ಮೇಜಿನ ಅರ್ಧಕ್ಕೆ ಬಂದಿದೆ, ಅಂದರೆ ಗಂಟೆ ಒಂದು, ಗಾಲಿಕುರ್ಚಿಯಲ್ಲಿ ಕೂತ ಗಂಡ ಆ ಬಿಸಿಲನ್ನೇ ನೋಡುತ್ತಿದ್ದಾರೆ, ಬಟ್ಟಲು ಮುಂದಿಟ್ಟರೂ ಚಮಚ ಮುಟ್ಟುವುದಿಲ್ಲ, ಕಾಯುತ್ತಾರೆ, ಏನಕ್ಕೆ ಕಾಯುತ್ತಾರೆಂದು ಅವಳಿಗೆ ಗೊತ್ತು, ಗೊತ್ತಿಲ್ಲದವಳ ಹಾಗೆ ಲೋಟ ಸರಿಸುತ್ತಾಳೆ, ತಿನ್ನಿ ರೀ, ಆರಿಹೋಗುತ್ತೆ. ಆರಿಹೋಗುತ್ತೆ ಎಂದು ಈ ಮೇಜಿನಲ್ಲಿ ಎಷ್ಟು ಸಲ ಹೇಳಿದ್ದಾಳೋ, ಮದುವೆಯಾದ ಮಾರನೇ ದಿನದಿಂದ, ಆವತ್ತು ಹಸಿವು ಅಂದರೆ ಹಸಿವು, ಹೊಸ ಹೆಂಡತಿ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಲಿಫ್ಟ್ ರಿಪೇರಿ ಕೆಲಸದ ಈ ಗಂಡ ಕಣ್ಣು ಮುಚ್ಚಿ ಕೈ ಜೋಡಿಸಿ ಶುರುಮಾಡಿದರು, ತಂದೆಯೇ ಈ ಊಟಕ್ಕೆ ಸ್ತೋತ್ರ, ಸರಿ, ಆಮೆನ್ ಬಂತು ಎಂದು ಅವಳು ಕೈ ಚಾಚಿದರೆ, ಮೇಜಿನ ನಾಲ್ಕನೇ ಕಾಲಿಗೆ ಸ್ತೋತ್ರ, ಅದರಡಿ ಕೊಟ್ಟ ಮರದ ಚೂರಿಗೆ ಸ್ತೋತ್ರ, ಇವತ್ತು ಹನ್ನೊಂದನೇ ಮಹಡಿಯಲ್ಲಿ ಹಗ್ಗ ಹಿಡಿದುಕೊಂಡಿತಲ್ಲ ಅದಕ್ಕೆ ಸ್ತೋತ್ರ, ಕೈಯ ಗ್ರೀಸು ಬಿಡಿಸಿದ ಸೋಪಿಗೆ — ಅವಳಿಗೆ ನಗು ತಡೆಯಲಿಲ್ಲ, ಒಂದು ಕಣ್ಣು ತೆರೆದು ನೋಡಿದರೆ ಅವರೂ ಒಂದು ಕಣ್ಣು ತೆರೆದು ಇವಳನ್ನೇ ನೋಡುತ್ತಿದ್ದಾರೆ, ಇವಳಿಗೂ ಸ್ತೋತ್ರ. ಆಮೇಲೆ ಮಗಳು ಹುಟ್ಟಿ ಮಾತು ಕಲಿತ ಮೇಲಂತೂ ಅದೊಂದು ಆಟವೇ ಆಯಿತು, ಅಪ್ಪಾ ಸೌಟು ಬಿಟ್ಟುಹೋಯ್ತು, ಹೌದಲ್ಲಮ್ಮ, ಸೌಟಿಗೂ ಸ್ತೋತ್ರ, ಅಪ್ಪಾ ನನ್ನ ಬಿದ್ದ ಹಲ್ಲಿಗೆ, ಬಿದ್ದ ಹಲ್ಲಿಗೂ ಬರೋ ಹಲ್ಲಿಗೂ ಸ್ತೋತ್ರ, ಒಟ್ಟಿಗೆ ಎಲ್ಲಕ್ಕೂ ಒಂದೇ ಸಲ ಅಂದುಬಿಟ್ಟರೆ ಆಗಲ್ವಾ ಎಂದು ಹೆಂಡತಿ ಕೇಳಿದ್ದಕ್ಕೆ, ಒಟ್ಟಿಗೆ ಅಂದರೆ ಯಾವುದಕ್ಕೂ ಅಂದ ಹಾಗಲ್ಲ ಕಣೇ, ಕೊಟ್ಟೋನು ಒಂದೊಂದಾಗಿ ಕೊಟ್ಟಿಲ್ವಾ, ಎಂದಿದ್ದರು.

ಆದರೆ ಆ ದಿನ, ಆ ದಿನವನ್ನು ನೆನೆಯಬಾರದು ಎಂದುಕೊಂಡಷ್ಟೂ ಅದು ಮೇಜಿಗೇ ಬಂದು ಕೂರುತ್ತದೆ, ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಊಟಕ್ಕೆ ಸಿಗುವುದು ಅರ್ಧ ಗಂಟೆ, ಆರು ನೂರು ಗುಂಡಿಗಳಿಗೆ ಕಾಜ ಹೊಲಿಯುವುದು ಬಾಕಿ, ಮೇಲ್ವಿಚಾರಕಿ ಬೆಳಗ್ಗೆಯೇ ಸಿಡುಕಿದ್ದಳು, ಓಡಿಬಂದು ಕೂತರೆ ಇವರು ನಲ್ಲಿ ನೀರಿಗೆ, ನಲ್ಲಿಯ ವಾಷರಿಗೆ ಎಂದು ಶುರುಮಾಡಿದ್ದಾರೆ, ದೇವರಿಗೇನು ಬೇರೆ ಕೆಲಸ ಇಲ್ವಾ ರೀ, ಬೇಗ ಆಮೆನ್ ಅನ್ನಿ. ಅಂದುಬಿಟ್ಟಳು. ಅವರು ತಕ್ಷಣ ಆಮೆನ್ ಅಂದರು, ಸಿಟ್ಟಿಲ್ಲ, ಮುಖ ಸಪ್ಪೆಯೂ ಇಲ್ಲ, ತಿಂದು ಎದ್ದು ಚೀಲ ಹೆಗಲಿಗೇರಿಸಿ ಹೋದರು, ಮೂರು ಗಂಟೆಗೆ ಯಾವುದೋ ಕಟ್ಟಡದ ಮೆಷಿನ್ ರೂಮಿನಲ್ಲಿ ಲಕ್ವ ಹೊಡೆದು ಬಿದ್ದರಂತೆ, ಕೈಯಲ್ಲಿ ಸ್ಪ್ಯಾನರ್ ಇತ್ತಂತೆ, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು, ಅವಳ ಕಿವಿಗೆ ಬಿದ್ದ ಕೊನೆಯ ಮಾತು ಆಮೆನ್, ಅದನ್ನೂ ಅವಳೇ ಕಿತ್ತುಕೊಂಡದ್ದು. ಎಲ್ಲದರಲ್ಲೂ ಸ್ತೋತ್ರ ಮಾಡಬೇಕು ಅಕ್ಕಾ, ಎಂದು ಚರ್ಚಿನ ಹೆಂಗಸರು ಬಂದು ಹೇಳಿದಾಗ ತುಟಿ ಕಚ್ಚಿಕೊಂಡಳು, ಇದರಲ್ಲೂನಾ, ಅಂದಿನಿಂದ ಅವಳು ಪ್ರಾರ್ಥನೆಗೆ ಬಾಯಿ ತೆರೆದಿಲ್ಲ, ತೆರೆದರೆ ಏನು ಬರುತ್ತದೋ ಎಂಬ ಭಯ. ಮಾತು ಕಲಿಸುವ ಟೀಚರಮ್ಮ ಪ್ರತಿ ಮಂಗಳವಾರ ಬಂದು ಚಿತ್ರದ ಕಾರ್ಡು ತೋರಿಸುತ್ತಾಳೆ, ಇದೇನು ಅಂಕಲ್, ಬೆಕ್ಕು, ಹೇಳಿ, ಬೆ, ಇದು ಬೀಗ, ಬೀ, ಅವರು ಗೋಡೆ ನೋಡುತ್ತಾರೆ, ಹೋದ ವಾರ ಅವಳು ಕಾರ್ಡುಗಳನ್ನು ಮಡಿಸಿಡುತ್ತ ಮೆಲ್ಲಗೆ, ಆಂಟಿ, ಮಾತು ಬರದೇ ಇದ್ದರೂ ಇರಬಹುದು, ನೀವು ಗಟ್ಟಿಯಾಗಿರಿ, ಎಂದು ಹೋದಳು.

ಗಟ್ಟಿಯಾಗಿರಿ, ಗಂಜಿಯೇ ಗಟ್ಟಿಯಾಗುತ್ತಿದೆ, ಕೆನೆ ಕಟ್ಟುತ್ತಿದೆ, ತಿನ್ನಿ ಅಂದೆನಲ್ಲ, ಎಂದು ಅವಳೇ ಚಮಚ ಎತ್ತಿ ಬಾಯಿಗಿಡುತ್ತಾಳೆ, ಅವರು ನುಂಗುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ತುಟಿಯ ಎಡ ಮೂಲೆ ನಡುಗುತ್ತದೆ, ಬಿಸಿಯಾಯಿತಾ, ನಾಲಿಗೆ ಸುಟ್ಟಿತಾ, ಇಲ್ಲ, ತಲೆ ಅಲ್ಲಾಡಿಸುತ್ತಾರೆ, ಎಡಗೈ ಮೇಜಿನ ಮೇಲೆ ಬಡಿಯುತ್ತಾರೆ, ಉ. ಏನ್ರೀ. ಉ, ಉಪ್. ಕತ್ತಿನ ನರ ಉಬ್ಬಿದೆ, ಕಣ್ಣಲ್ಲಿ ನೀರು — ಉಪ್ಪು. ಅವಳು ಚಮಚ ಹಿಡಿದೇ ಇದ್ದಾಳೆ. ಉಪ್ಪು, ಮತ್ತೊಮ್ಮೆ, ಈ ಸಲ ಸಿಟ್ಟಿನಿಂದ, ಅಚ್ಚುಕಟ್ಟಾಗಿ, ಮೂವತ್ತೊಂದು ವರ್ಷದಲ್ಲಿ ಅಡುಗೆಗೆ ಒಮ್ಮೆಯೂ ಹೆಸರಿಡದ ಮನುಷ್ಯ. ಅವಳು ತನ್ನ ಬಟ್ಟಲಿಂದ ಒಂದು ಗುಟುಕು ಕುಡಿದು ನೋಡುತ್ತಾಳೆ, ಅಯ್ಯೋ ದೇವರೇ, ಉಪ್ಪೇ ಹಾಕಿಲ್ಲ, ಸಪ್ಪೆ ಅಂದರೆ ಸಪ್ಪೆ, ನಗು ಬರುತ್ತಿದೆ, ಅಳುವೂ ಅದರ ಬೆನ್ನಿಗೇ, ಡಬ್ಬಿ ತರಲು ಎದ್ದವಳ ಬಾಯಿ ತನಗೆ ತಾನೇ ತೆರೆದುಕೊಂಡಿದೆ, ತಂದೆಯೇ, ಉಪ್ಪಿಗೆ ಸ್ತೋತ್ರ, ನನ್ನ ಮರೆವಿಗೆ ಸ್ತೋತ್ರ, ಇವರು ನನ್ನನ್ನು ಬೈದದ್ದಕ್ಕೆ ಸ್ತೋತ್ರ, ಇನ್ನೂ ಬೈಯಲಿ, ಆಸ್ಪತ್ರೆಯಿಂದ ಬಂದ ದಿನ ಇವರನ್ನು ಕುರ್ಚಿ ಸಮೇತ ಮೂರು ಮಹಡಿ ಹೊತ್ತ, ಇವರ ಹತ್ತಿರವೇ ಕೆಲಸ ಕಲಿತ ನಾಲ್ವರು ಮೆಕ್ಯಾನಿಕ್‌ಗಳಿಗೆ ಸ್ತೋತ್ರ, ಊರಿಗೆಲ್ಲ ಲಿಫ್ಟ್ ಹಾಕಿದ ಗುರುಗಳ ಮನೆಗೇ ಲಿಫ್ಟಿಲ್ವಲ್ಲಮ್ಮಾ ಅಂತ ಏದುಸಿರಲ್ಲೂ ನಗಿಸಿದರಲ್ಲ, ಶನಿವಾರ ಶನಿವಾರ ಬಂದು ಒಂದು ಮಾತೂ ಆಡದೆ ಇವರ ಉಗುರು ಕತ್ತರಿಸಿ ಹೋಗೋ ಚರ್ಚಿನ ಅಯ್ಯನವರಿಗೆ, ಆವತ್ತು ನಾನು ಆಡಿದ ಮಾತಿಗೆ, ಅದನ್ನು ಕ್ಷಮಿಸು — ಇವೆಲ್ಲ ಎಲ್ಲಿದ್ದವು, ಕಣ್ಣೆದುರೇ ಇದ್ದವಲ್ಲ, ಒಂದೊಂದಾಗಿ ಬಂದವಲ್ಲ — ಡಬ್ಬಿ ವಾಲಿ ಉಪ್ಪು ಬಟ್ಟಲಿಗೆ ಬೀಳುವ ಬದಲು ಮೇಜಿನ ಮೇಲೆ ಚೆಲ್ಲಿತು, ಬಿಸಿಲಿಗೆ ಹರಳುಗಳು ಮಿನುಗಿದವು, ಒರೆಸೋಣವೆಂದು ಬಗ್ಗಿದರೆ ಅವರ ಎಡಗೈ ಅಡ್ಡ ಬಂತು. ತೋರುಬೆರಳನ್ನು ಮೇಜಿಗೆ ಒತ್ತಿ ಒಂದು ಹರಳನ್ನು ಅಂಟಿಸಿಕೊಂಡು ನಾಲಿಗೆಗೆ ಇಟ್ಟುಕೊಳ್ಳುತ್ತಾರೆ, ಕಣ್ಣು ಮುಚ್ಚುತ್ತಾರೆ. ಮತ್ತೊಂದು ಹರಳು. ಅವಳು ಮಸಿಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಾಳೆ, ಒಂದೊಂದಾಗಿ, ಬೆರಳಿನ ತುದಿಯಲ್ಲಿ ಒಂದು ಬಿಳಿ ಹರಳು, ನಾಲಿಗೆಯ ಮೇಲೆ, ಮತ್ತೆ ಬೆರಳಿನ ತುದಿಯಲ್ಲಿ, ಒಂದು ಬಿಳಿ ಹರಳು —