ಬೇಡ ಅಂದದ್ದು ಕೇಳಿಸಿತೇ?

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಚಾದರ ಹಿಂಡಿ ಹಿಂಡಿ ತಾಯಿಯ ರಟ್ಟೆ ಬಿದ್ದುಹೋಗಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಹೇಳಿದಳು, “ಅಮ್ಮ, ನಾಳೆಯಿಂದ ನಾನು ಕಾಲೇಜಿಗೆ ಹೋಗಲ್ಲ.”

“ಯಾಕೆ? ಲ್ಯಾಬ್ ಟೆಕ್ನಿಷಿಯನ್ ಆಗ್ತೀನಿ ಅಂತ ಹಟ ಹಿಡಿದವಳು ನೀನೇ ತಾನೇ?”

ಮಗಳು ಎಲ್ಲ ಹೇಳಿದಳು. ಮೂರು ವಾರದಿಂದ ಬಸ್ಸಿನಲ್ಲಿ ಒಬ್ಬ ಗಂಡಸು ಅವಳ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದ. ಫೋನ್ ನಂಬರ್ ಕೇಳುತ್ತಿದ್ದ. ಅವಳು ಬೇಡ ಅಂದಾಗಲೆಲ್ಲ ನಗುತ್ತ, ಬಸ್ಸಿನಲ್ಲಿ ಬರುವ ಹಾಡಿಗೆ ದನಿಗೂಡಿಸುತ್ತಿದ್ದ: “ಬೇಡ ಅಂದ್ರೆ ಬೇಕು ಅಂತ, ಓಡಿ ಹೋದ್ರೂ ಬಿಡೆನಂತ!” ಸುತ್ತಲಿನವರೂ ನಗುತ್ತಿದ್ದರು. ಇವತ್ತು ಕೈ ಹಿಡಿದು ಎಳೆದಿದ್ದ.

ತಾಯಿ ಗೋಡೆಗೆ ಒರಗಿದಳು. “ಬೇರೆ ಬಸ್ಸಿಗೆ ಹೋಗು ಮಗಳೇ. ನಾವೂ ಹಾಗೇ ತಪ್ಪಿಸ್ಕೊಂಡು ಬಂದವರು.”

ಪಕ್ಕದ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುವಾಗ ಈ ಮಾತು ಕೇಳಿಸಿಕೊಂಡು ಒಳಗೆ ಬಂದಳು.

“ಅಕ್ಕ, ಎಷ್ಟು ಬಸ್ಸು ಬದಲಾಯಿಸ್ತಾಳೆ? ಎಲ್ಲಾ ಬಸ್ಸಲ್ಲೂ ಅದೇ ಹಾಡು.”

“ಹಾಡು ಹಾಡಷ್ಟೇ ನರ್ಸಮ್ಮ. ಅದೇನು ಮಾಡುತ್ತೆ?”

“ದಿನಾ ಕೇಳಿದ್ದು ತಲೆಗೆ ಇಳಿಯುತ್ತೆ. ಹುಡುಗಿ ಬೇಡ ಅನ್ನೋದು ಆಟ ಅಂತ ಅವನು ಕಲಿತ. ನಕ್ಕವರೂ ಕಲಿತರು.”

“ಹಾಗಾದ್ರೆ ಈಗಿನ ಹೆಣ್ಣುಮಕ್ಕಳ ಹಾಡು? ‘ನಾನೇ ಬೆಂಕಿ’ ಅಂತ ಇವಳೂ ಕಿವೀಲಿ ಹಾಕ್ಕೊಂಡಿರ್ತಾಳೆ. ಬೆಂಕಿ ಆದಳಾ? ಮೂಲೇಲಿ ಕೂತಿದಾಳೆ ನೋಡು.”

ಮಗಳೇ ಮೆಲ್ಲಗೆ ಹೇಳಿದಳು, “ಅಮ್ಮ, ಕೈ ಎಳೆದಾಗ ನಾನು ಕೂಗಿದೆ. ‘ಬೇಡ ಅಂದೆ, ಕೇಳಿಸ್ತಾ?’ ಅಂತ. ಅದು ನನ್ನ ಹಾಡಿನ ಸಾಲು. ಬಾಯಿಗೆ ಅದೇ ಬಂತು. ಆದ್ರೆ ಯಾರೂ ತಿರುಗಿ ನೋಡಲಿಲ್ಲ.”

“ನೋಡಿದ್ಯಾ ಅಕ್ಕ?” ನರ್ಸಮ್ಮ ಅಂದಳು. “ಹಾಡು ಅವಳ ಬಾಯಿ ಬಿಡಿಸಿತು. ಪಕ್ಕದಲ್ಲಿ ಬಂದು ನಿಲ್ಲೋದು ಹಾಡಿನ ಕೈಲಿ ಆಗಲ್ಲ. ಅದು ನಮ್ಮ ಕೆಲಸ.”

ಅಷ್ಟರಲ್ಲಿ ತಂದೆ ಬಂದ. ಅವನು ಬಸ್ ಡ್ರೈವರ್, ಬೇರೆ ರೂಟಿನಲ್ಲಿ. ಅದೇ ಹಾಡು ಗುನುಗುತ್ತ ಒಳಗೆ ಕಾಲಿಟ್ಟವನು, ಮೂವರ ಮುಖ ನೋಡಿ ನಿಂತ. ವಿಷಯ ತಿಳಿದು ಮಗಳ ಪಕ್ಕದಲ್ಲಿ ಕೂತ.

“ನನ್ನ ಬಸ್ಸಲ್ಲೂ ಹಾಕ್ತೀನಲ್ಲ... ಜನ ಕೇಳ್ತಾರೆ. ತಾಳ ಚೆನ್ನಾಗಿದೆ ಅಂತ...”

“ಅಪ್ಪ, ತಾಳ ಬೇಡ. ಬರೀ ಮಾತು ಹೇಳು. ನನ್ನ ಮುಖ ನೋಡ್ಕೊಂಡು ಹೇಳು.”

“ಬೇಡ ಅಂದ್ರೆ...” ಅಂದ. ಉಳಿದ ಮಾತನ್ನು ಅವಳ ಮುಖ ನೋಡಿ ಹೇಳಲಾಗದೆ ಬೇರೆ ಕಡೆ ತಿರುಗಿದ.

ಮರುದಿನ ತಾಯಿ ರಜೆ ಹಾಕಿ ಮಗಳ ಜೊತೆ ಬಸ್ಸು ಹತ್ತಿದಳು. ಆ ಮನುಷ್ಯ ಬಂದ, ನಕ್ಕ. “ಬೇಡ ಅಂದೆ, ಕೇಳಿಸ್ತಾ?” ಮಗಳು ಗಟ್ಟಿಯಾಗಿ ಅಂದಳು. ತಾಯಿ ಎದ್ದು ನಿಂತಳು. ಹಿಂದಿನ ಸೀಟಿನ ಇಬ್ಬರು ಹೆಂಗಸರೂ ಎದ್ದರು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಆ ಮನುಷ್ಯ ತಲೆ ತಗ್ಗಿಸಿ ಇಳಿದುಹೋದ. ಆದರೂ ನರ್ಸಮ್ಮ ಹೇಳಿದಂತೆ ತಾಯಿ ಮಗಳು ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದರು. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ತಾಯಿಯ ಕಾಲು ಸೋತಿತ್ತು.

ತಂದೆ ಆ ಹಾಡನ್ನು ತನ್ನ ಬಸ್ಸಿನಿಂದ ತೆಗೆದ. ಡಿಪೋದಲ್ಲಿ ಉಳಿದವರಿಗೂ ಹೇಳಿದ. ಹೆಚ್ಚಿನವರು “ಮಗಳಿಗೆ ಹೆದರಿದ ಗಂಡು” ಎಂದು ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳು. ಮಗಳು ಸೋಮವಾರ ಕಾಲೇಜಿಗೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ಹಾಡು ಕೇಳಿ, ಮನಸಾರೆ ಕುಣಿಯಿರಿ. ಒಮ್ಮೆ ಮಾತ್ರ ತಾಳ ಬಿಟ್ಟು ಅದರ ಮಾತು ಕೇಳಿ. ನಿಮ್ಮ ಮಗಳ ಎದುರು ಆಡಲಾಗದ ಮಾತಿದ್ದರೆ ಆ ಹಾಡನ್ನು ನಿಲ್ಲಿಸಿ. ದುಡಿದು ದಣಿದಿದ್ದೀರಿ, ನಿಜ. ಆದರೂ ಬಸ್ಸಿನಲ್ಲಿ ಒಬ್ಬ ಹುಡುಗಿ ‘ಬೇಡ’ ಅಂದಾಗ, ದಯವಿಟ್ಟು ನಿಮ್ಮ ಸೀಟು ಬಿಟ್ಟು ಏಳಿ.